ಕೂಸಿಗೂ ಕೇಕಿಗೂ ಒಂದೇ ಕೈ

ಬಾಗಿಲಿಗೆ ಎರಡು ಬಡಿತ. ಬೀದಿದೀಪ ಇನ್ನೂ ಉರಿಯುತ್ತಿದೆ, ಕಾಲುವೆಯ ಮೇಲಿನ ಮಂಜು ಕದಲಿಲ್ಲ. ಒಳಗಿನಿಂದ ‘ಯಾರು’ ಎಂಬ ಪ್ರಶ್ನೆ ಬರುವುದಿಲ್ಲ. ಚಿಲಕ ಸರಿಯುತ್ತದೆ, ಅಷ್ಟೆ. ಹೊಸ್ತಿಲಾಚೆ ನಿಂತ ಚಾಲಕ ಬಾಯಿ ತೆರೆಯುವ ಮೊದಲೇ, ಕೋಟು ತೊಟ್ಟು ಸಿದ್ಧರಾಗಿರುವ ಮಹಿಳೆ ಕೇಳುತ್ತಾರೆ:

“ಇವತ್ತು ಒಂದೋ, ಎರಡೋ?”

“ಅವಳಿ ಅಂತೆ.”

“ಅದನ್ನ ನಿನ್ನೇನೇ ಹೇಳೋಕೆ ಏನಾಗಿತ್ತು ಅವರಿಗೆ? ನಿಂತ್ಕೊಳಪ್ಪ, ಇನ್ನೊಂದು ಡಬ್ಬಿ ಚೀಸ್ ತರ್ತೀನಿ. ಜಾಮ್ ಸಾಕಾಗತ್ತೆ.”

ಬೆಳಕು ಹರಿಯುವ ಹೊತ್ತಿಗೆ ಅವರು ಊರಾಚೆಯ ಚಿತ್ರೀಕರಣದ ಶೆಡ್ಡಿನಲ್ಲಿದ್ದಾರೆ. ಮರದ ಹಲಗೆಗಳಿಂದ ಕಟ್ಟಿದ ಹಳೆಯ ಕಾಲದ ಮಲಗುವ ಕೋಣೆಯೊಂದರ ಹಿಂಬದಿಯಲ್ಲಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು, ಮೆತ್ತನೆಯ ಚೀಸಿಗೆ ಕೆಂಪು ಜಾಮನ್ನು ಹನಿಹನಿಯಾಗಿ ಬೆರೆಸುತ್ತಿದ್ದಾರೆ. ಎದುರಿಗೆ ಒಬ್ಬಳು ಎಳೆಯ ತಾಯಿ, ಮಡಿಲಲ್ಲಿ ಎರಡು ಕೂಸು. ಲೇಪವನ್ನು ತಮ್ಮ ಮಣಿಕಟ್ಟಿನ ಒಳಬದಿಗೆ ಹಚ್ಚಿ ನೋಡಿಯೇ ಅವರು ಮೊದಲ ಕೂಸಿನ ಬೆನ್ನಿಗೆ ಬೆರಳಿಡುತ್ತಾರೆ.

“ತಣ್ಣಗಿದ್ರೆ ಪಾಪು ಬೆಚ್ಚಿಬೀಳತ್ತೆ. ಹುಟ್ಟಿದ ತಕ್ಷಣ ಅಳೋದು ಸರಿ. ಆದ್ರೆ ನನ್ನ ಚೀಸ್‌ಗೆ ಹೆದರಿ ಅಳಬಾರದು.”

ಗ್ಲೆಂಡಾ ಟರ್ನಿಡ್ಜ್ ಅವರಿಗೆ ಈಗ ಅರವತ್ತೇಳು. ಭಾನುವಾರ ಸಂಜೆ ‘ರೋಪ್‌ವಾಕ್ ಬೀದಿ’ ಧಾರಾವಾಹಿಯ ಮುಂದೆ ಕೂರುವ ಲಕ್ಷಾಂತರ ಮಂದಿ ಅವರ ಕೆಲಸವನ್ನು ಕಂಡಿದ್ದಾರೆ, ಅವರನ್ನು ಕಂಡವರಿಲ್ಲ. ಐವತ್ತರ ದಶಕದ ಪೂರ್ವ ಲಂಡನ್ನಿನಲ್ಲಿ ಸೈಕಲ್ ತುಳಿದು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯರ ಕಥೆಯದು. ವಾರಕ್ಕೊಂದು ಹೆರಿಗೆ ಕಡ್ಡಾಯ, ನಡುನಡುವೆ ಒಂದು ಮದುವೆ. ಹುಟ್ಟಿದ ಕೂಸಿನ ಮೈಗೆ ಅಂಟಿರುವ ಬೆಣ್ಣೆಯಂಥ ಬಿಳಿ ಲೇಪ, ಅದರ ಮೇಲಿನ ರಕ್ತದ ಕೆಂಪು ಗ್ಲೆಂಡಾ ಅವರದು. ಮದುವೆಯ ಮೇಜಿನ ಮೇಲೆ ನಿಂತಿರುವ ಕೇಕೂ ಅವರದೇ.

ಕೇಕು ಮೊದಲು ಬಂತು, ಕೂಸು ಆಮೇಲೆ. ಹದಿನಾರು ತುಂಬುವ ಮೊದಲೇ ಅವರು ಅದೇ ಪೂರ್ವ ಲಂಡನ್ನಿನ ರೋಮನ್ ರಸ್ತೆಯ ಬೇಕರಿಯೊಂದರ ಹಿಂದಿನ ಕೋಣೆ ಸೇರಿದರು. ಸಕ್ಕರೆಯನ್ನು ಮೊಟ್ಟೆಯ ಬಿಳಿಯೊಂದಿಗೆ ಕಡೆದು, ಕಲ್ಲಿನಂತೆ ಗಟ್ಟಿಯಾಗುವ ಬಿಳಿ ಹೊದಿಕೆ ಎಳೆಯುವುದನ್ನು ಅಲ್ಲಿಯೇ ಕಲಿತರು. ನಲವತ್ತು ವರ್ಷ ಆ ಪ್ರದೇಶದಲ್ಲಿ ನಡೆದ ಮದುವೆಗಳಿಗೆಲ್ಲ ಅವರ ಕೈಯ ಸಕ್ಕರೆ ಗುಲಾಬಿಗಳು ಹೋದವು. ಕರೆಯೋಲೆ ಮಾತ್ರ ಬೇಕರಿಯ ಒಡೆಯನಿಗೆ ಬಂತು. ಬಳಿಕ ಬೇಕರಿ ಮುಚ್ಚಿತು. ಈಗ ಅಲ್ಲಿ ಫೋನ್ ರಿಪೇರಿ ಮಾಡುತ್ತಾರೆ. ಎರಡು ಚಳಿಗಾಲ ಗ್ಲೆಂಡಾ ಶಾಲೆಯೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದರು. “ಕೈ ಮರೆತುಬಿಡತ್ತೇನೋ ಅಂತ ಭಯ ಆಗ್ತಿತ್ತು. ಭಾನುವಾರ ಮನೇಲಿ ಬರೀ ತಟ್ಟೆ ಮೇಲೆ ಗುಲಾಬಿ ಹಾಕಿ, ಮತ್ತೆ ಕೆರೆದು, ಮತ್ತೆ ಹಾಕ್ತಿದ್ದೆ. ಲೆನ್ ಅಂತಿದ್ರು, ನಿಂಗೆ ಹುಚ್ಚು ಹಿಡೀತು ಅಂತ. ಕೆರೆದಿದ್ದನ್ನೆಲ್ಲ ತಿಂದಿದ್ದು ಯಾರು ಅಂತ ಮಾತ್ರ ಕೇಳಬೇಡಿ.” ಲೆನ್ ಅವರ ಗಂಡ.

‘ರೋಪ್‌ವಾಕ್ ಬೀದಿ’ಯ ಮೊದಲ ಮದುವೆಗೆ ಕೇಕು ಹೊತ್ತು ಬಂದ ದಿನ, ಕೂಸುಗಳಿಗೆ ಲೇಪ ಹಚ್ಚುವ ಹುಡುಗಿಗೆ ನೆಗಡಿ. ಎಳೆಯ ಕೂಸಿನ ಹತ್ತಿರ ಸೀನುವವರನ್ನು ಬಿಡುವಂತಿಲ್ಲ. ಮೆತ್ತಗೆ ಬಳಿಯಲು ಬರುವವರು ಯಾರಾದರೂ ಇದ್ದೀರಾ ಎಂದು ಯಾರೋ ಕೂಗಿದರು. ಗ್ಲೆಂಡಾ ಕೈಯೆತ್ತಿದರು. ಅಂದಿನಿಂದ ಇನ್ನೂರರ ಹತ್ತಿರ ಕೂಸುಗಳು ಅವರ ಕೈಯಲ್ಲಿ ‘ಹುಟ್ಟಿವೆ’. ಒಂದೊಂದನ್ನೂ ದೀಪಗಳ ಕೆಳಗೆ ಇಡುವುದು ಕೆಲವೇ ನಿಮಿಷ. ತಾಯಿ ಪಕ್ಕದಲ್ಲಿ, ನಿಜವಾದ ಸೂಲಗಿತ್ತಿಯೊಬ್ಬಳು ಇನ್ನೊಂದು ಪಕ್ಕದಲ್ಲಿ. ಕೂಸು ಹಸಿದರೆ ಇಡೀ ಶೆಡ್ಡು ಕಾಯುತ್ತದೆ. “ನಿರ್ದೇಶಕರು ಯಾರೇ ಇರಲಿ, ಅಲ್ಲಿ ನಿಜವಾದ ಯಜಮಾನ ಡೈಪರ್ ಹಾಕ್ಕೊಂಡಿರ್ತಾನೆ” ಎಂದು ಗ್ಲೆಂಡಾ ನಗುತ್ತಾರೆ. ಅವರ ತೋಳಿನ ಮೇಲೆ ಉಚ್ಚೆ ಹೊಯ್ಯದ ಕೂಸೇ ಕಡಿಮೆ.

ಈ ಕೆಲಸಕ್ಕೆ ಒಂದು ನ್ಯಾಯಾಲಯವೂ ಇದೆ. ಸೇಂಟ್ ಓಸಿತ್ ಚರ್ಚಿನ ಸಭಾಂಗಣದಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಅದು ಸೇರುತ್ತದೆ. ಹಿಂದಿನ ಸಂಜೆಯ ಕಂತನ್ನು ಮತ್ತೆ ಹಾಕಿ, ತಡೆತಡೆದು ನೋಡಿ, ತೀರ್ಪು ಕೊಡುವ ವೀಕ್ಷಕರ ಕೂಟವದು. ಹೆರಿಗೆಯ ವಿಷಯಕ್ಕೆ ಸಿಸ್ಟರ್ ಯೂನಿಸ್ ಗಾಸ್ಲಿಂಗ್ ಹೇಳಿದ್ದೇ ಕೊನೆಯ ಮಾತು. ಎಂಬತ್ತೆಂಟರ ಅವರು ಇದೇ ಬೀದಿಗಳಲ್ಲಿ ಸೂಲಗಿತ್ತಿಯಾಗಿದ್ದವರು. ಟೀವಿಯ ರಿಮೋಟ್ ಅವರ ಕೈಯಿಂದ ಕದಲುವುದಿಲ್ಲ. ಮದುವೆಯ ವಿಷಯಕ್ಕೆ ಬೆರಿಲ್ ಸ್ಟೇಪಲ್ಸ್. “ಮೂರು ಸಲ ಆಗಿದೀನಿ ಕಣ್ರೀ, ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ? ಮೂರರಲ್ಲೂ ಕೇಕ್ ಮಾತ್ರ ಚೆನ್ನಾಗಿತ್ತು” ಎನ್ನುವವರು. ಗ್ಲೆಂಡಾ ಅಲ್ಲಿ ಚಹಾ ಬಗ್ಗಿಸಿ ಕೊಡುತ್ತಾರೆ, ಕಿವಿ ತೆರೆದಿಟ್ಟುಕೊಂಡು.

“ನಿಲ್ಸಿ,” ಎನ್ನುತ್ತಾರೆ ಸಿಸ್ಟರ್ ಯೂನಿಸ್, ತಾವೇ ಗುಂಡಿ ಒತ್ತುತ್ತ. ಪರದೆಯ ಮೇಲೆ ನಟಿಯೊಬ್ಬಳು ಬಸುರಿಯ ಹೊಟ್ಟೆಗೆ ಮರದ ಕೊಳವೆಯಿಟ್ಟು ಕೂಸಿನ ಎದೆಬಡಿತ ಕೇಳುತ್ತಿದ್ದಾಳೆ. “ಕೊಳವೆ ಮೇಲೆ ಕೈ ಇಟ್ಟಿದ್ದಾಳೆ ನೋಡಿ. ಕಿವಿ ಊರಿದ ಮೇಲೆ ಕೈ ಬಿಡಬೇಕು. ಇಲ್ದಿದ್ರೆ ಕೇಳ್ಸೋದು ಅವಳ ಬೆರಳಿನ ಸದ್ದೇ.”

“ಅವಳು ಕೈ ಬಿಟ್ರೆ ಕೊಳವೆ ಕೆಳಗೆ ಬೀಳತ್ತೆ ಸಿಸ್ಟರ್. ಪಾಪ, ಹೊಟ್ಟೆ ರಬ್ಬರಿಂದು,” ಎನ್ನುತ್ತಾರೆ ಬೆರಿಲ್.

“ಹಾಸಿಗೆ ಮೇಲೆ ಅಷ್ಟು ಬಿಳೀ ಬಟ್ಟೆ ಯಾರ ಮನೇಲಿತ್ತು? ನಾವು ಹಳೇ ಪೇಪರ್ ಹಾಸ್ತಿದ್ವಿ. ಮತ್ತೆ ಆ ಕೂಸು. ಹುಟ್ಟಿದ ಕೂಸಲ್ಲ ಅದು, ಶಾಲೆಗೆ ಹೊರಟಿರೋ ಕೂಸು.”

“ಮೈಮೇಲಿನ ಲೇಪ ಹೇಗಿದೆ ಸಿಸ್ಟರ್?” ಎಂದು ಅಡುಗೆಮನೆಯ ಕಿಂಡಿಯಿಂದ ಒಂದು ದನಿ.

“ಲೇಪ ಪರವಾಗಿಲ್ಲ.” ಸಿಸ್ಟರ್ ಯೂನಿಸ್ ಕನ್ನಡಕದ ಮೇಲಿನಿಂದ ನೋಡುತ್ತಾರೆ. “ಕಂಕುಳ ಸಂದೀಲಿ ಇನ್ನಷ್ಟು ಇರಬೇಕು, ಬೆನ್ನ ಮೇಲೆ ಕಡಿಮೆ. ನೀನು ಕೇಕಿಗೆ ಬಳಿದ ಹಾಗೆ ಎಲ್ಲಾ ಕಡೆ ಒಂದೇ ಸಮ ಬಳೀತೀಯ ಗ್ಲೆಂಡಾ.”

ಮುಂದಿನ ವಾರದ ಕೂಸಿನ ಕಂಕುಳಲ್ಲಿ ಲೇಪ ಹೆಚ್ಚಿರುತ್ತದೆ.

ಇಂಥ ನ್ಯಾಯಾಲಯದ ಎದುರು ಈ ತಿಂಗಳ ಆರಂಭದಲ್ಲಿ ಗ್ಲೆಂಡಾ ಸ್ವತಃ ನಿಲ್ಲಬೇಕಾಯಿತು. ಫೀಬಿ ಎಂಬ ಸೂಲಗಿತ್ತಿಯ ಮದುವೆಯ ಕಂತು ಅದು. ಕಥೆಯಲ್ಲಿ ಅದು ಸಕ್ಕರೆಯ ಪಡಿತರ ಮುಗಿದು ಎರಡು ವರ್ಷವಾಗಿರುವ ಕಾಲ; ಯುದ್ಧದ ದಿನಗಳಲ್ಲಿ ರಟ್ಟಿನ ಹುಸಿ ಕೇಕಿನ ಮುಂದೆ ನಿಂತು ಮದುವೆಯಾದವರೆಲ್ಲ ಕಣ್ತುಂಬ ನೋಡಲೆಂದು ಗ್ಲೆಂಡಾ ಮೂರು ಅಂತಸ್ತಿನ ನಿಜವಾದ ಹಣ್ಣಿನ ಕೇಕು ಕಟ್ಟಿದ್ದರು. ಚಿತ್ರೀಕರಣ ನಡೆದದ್ದು ಇದೇ ಸಭಾಂಗಣದಲ್ಲಿ. ಕೂಟದ ಸದಸ್ಯರೇ ಹಳೆಯ ಕಾಲದ ಉಡುಪು ತೊಟ್ಟು ಅತಿಥಿಗಳಾಗಿ ಕುಳಿತಿದ್ದರು.

ಕಂತು ಪ್ರಸಾರವಾಯಿತು. ಪ್ರಾರ್ಥನೆಯ ಹೊತ್ತಿಗೆ ಕೇಕಿಗೆ ಮೂರು ಅಂತಸ್ತು. ನೃತ್ಯದ ಹೊತ್ತಿಗೆ ಎರಡೇ.

ಬೇರೆ ಊರಿನವರಿಗೆ ಅದು ಸಣ್ಣ ವಿಷಯ. ಇಲ್ಲಿಯವರಿಗಲ್ಲ. “ಮೇಲಿನ ಅಂತಸ್ತು ಮದುವೆ ದಿನ ಮುಟ್ಟೋ ಹಾಗೇ ಇಲ್ಲ,” ಎಂದು ಬೆರಿಲ್ ವಿವರಿಸುತ್ತಾರೆ. “ಅದನ್ನ ಎಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ ಇಡಬೇಕು. ಮೊದಲನೇ ಮಗು ನಾಮಕರಣಕ್ಕೆ ಅದನ್ನ ತೆಗೆಯೋದು. ರಮ್ ಕುಡಿದಿರೋ ಕೇಕ್, ಕೆಡಲ್ಲ. ಪ್ರತೀ ಮದುವೇಲೂ ಯಾರಾದ್ರೂ ಒಬ್ಬ ಅತ್ತೆ ಅದಕ್ಕೆ ಕಾವಲು ಕೂತಿರ್ತಾಳೆ, ಇಲ್ಲದಿದ್ರೆ ಮಾವಂದಿರು ಮುಗಿಸಿಬಿಡ್ತಾರೆ.” ಹೀಗಾಗಿ ಊರೆಲ್ಲ ತರ್ಕ. ಫೀಬಿ ಆಗಲೇ ಬಸುರಿ, ಅದರ ಸುಳಿವಿದು ಎಂದರು ಕೆಲವರು. ಅತ್ತೆಗೆ ಸೊಸೆ ಬಂಜೆಯಾಗಲೆಂಬ ಆಸೆ ಎಂದರು ಇನ್ನು ಕೆಲವರು. ಪತ್ರಿಕೆಯೊಂದು ‘ಕೇಕು ಮಾಡುವ ಗ್ಲೆಂಡಾ ಟರ್ನಿಡ್ಜ್ ಅವರ ಅಜಾಗರೂಕತೆ’ ಎಂದು ಬರೆದು ಮುಗಿಸಿತು. ಇಷ್ಟು ವರ್ಷ ಪರದೆಯ ಮೇಲೆ ಬಾರದ ಗ್ಲೆಂಡಾ ಅವರ ಹೆಸರು ಮೊದಲ ಸಲ ಅಚ್ಚಾದದ್ದು ಹೀಗೆ.

ಎಲ್ಲರಿಗಿಂತ ದೊಡ್ಡ ದನಿ ಸಿಸ್ಟರ್ ಯೂನಿಸ್ ಅವರದು. “ಹೆರಿಗೆ ತಪ್ಪು ಮಾಡಿದ್ರೆ ಕ್ಷಮಿಸ್ತೀನಿ, ಅವರಿಗೆ ಗೊತ್ತಿಲ್ಲ. ಕೇಕ್ ತಪ್ಪು ಹೇಗೆ ಮಾಡ್ತೀಯ ನೀನು? ರೋಮನ್ ರಸ್ತೇಲಿ ಬೆಳೆದೋಳು.”

ಗ್ಲೆಂಡಾ ಅವರಿಗೆ ನೋವಾದದ್ದು ಪತ್ರಿಕೆಯಿಂದಲ್ಲ. ಕಲಾ ವಿಭಾಗದ ಮುಖ್ಯಸ್ಥ ಡಂಕನ್ ಫೋನ್ ಮಾಡಿ, ಇನ್ನು ಮುಂದೆ ಪ್ಲಾಸ್ಟರಿನ ಕೇಕು ಸಾಕು, ಅದನ್ನು ಯಾರೂ ತಿನ್ನಲಾರರು ಎಂದದ್ದರಿಂದ. ಕೂಸುಗಳ ಕೆಲಸ ಇರುತ್ತದೆ, ಕೇಕಿನದು ಇರುವುದಿಲ್ಲ. “ಈ ವಯಸ್ಸಲ್ಲಿ ನನ್ನ ಕೈಗೆ ಬಿಳೀ ಸಕ್ಕರೆ ಸಿಗೋದು ಅದೊಂದೇ ಜಾಗ. ಸಂಜೆ ಮೇಜು ತೆಗೆಯೋವಾಗ ಅಂತಸ್ತು ಇರ್ಲಿಲ್ಲ ನಿಜ. ಹುಡುಗರು ತಿಂದಿರ್ತಾರೆ ಅಂದ್ಕೊಂಡೆ, ಯಾವಾಗ್ಲೂ ತಿಂತಾರೆ. ಆದ್ರೆ ಚಿತ್ರೀಕರಣದ ಮಧ್ಯದಲ್ಲೇ ಹೋಗಿತ್ತು ಅಂತ ಗೊತ್ತಿರ್ಲಿಲ್ಲ. ನಾನು ಕೇಕ್ ಬಿಟ್ಟು ಹೋಗೋಳಲ್ಲ.” ಅವರು ಡಂಕನ್‌ಗೆ ಒಂದೇ ಮಾತು ಹೇಳಿದರು: ಪ್ರಸಾರ ಮಾಡದ ತುಣುಕುಗಳೂ ಇರುತ್ತವಲ್ಲ, ಅವನ್ನು ತನ್ನಿ. ಎಲ್ಲರ ಮುಂದೆ ಹಾಕಿ.

ಕಳೆದ ಸೋಮವಾರ ಡಂಕನ್ ಬಂದಿದ್ದಾರೆ. ಉದ್ದನೆಯ ಮನುಷ್ಯ, ತಗ್ಗು ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕುಳಿತಿದ್ದಾರೆ. ಸಭಾಂಗಣ ತುಂಬಿದೆ, ಚಹಾ ಕೇಳುವವರಿಲ್ಲ. ಕಿಂಡಿಯ ಹಿಂದಿನಿಂದ ಹೊರಬಂದ ಗ್ಲೆಂಡಾ ಏಪ್ರನ್ ಬಿಚ್ಚದೆ ಗೋಡೆಗೆ ಒರಗಿ ನಿಂತಿದ್ದಾರೆ.

ಮೊದಲ ತುಣುಕು. ಕೇಕು ಪೂರ್ತಿ ಇದೆ, ಪಕ್ಕದಲ್ಲಿ ಕಾವಲಿನವರಂತೆ ಗ್ಲೆಂಡಾ. ಅಷ್ಟರಲ್ಲಿ ಒಂದು ಕೂಗು: ಕೂಸು ಎದ್ದಿದೆ, ಈಗಲೇ ಬೇಕು. ಕಥೆಯಲ್ಲಿ ಅತಿಥಿಯೊಬ್ಬಳಿಗೆ ಪಕ್ಕದ ಕೋಣೆಯಲ್ಲಿ ಹೆರಿಗೆಯಾಗುವ ದೃಶ್ಯಕ್ಕೆ. ಪರದೆಯ ಮೇಲಿನ ಗ್ಲೆಂಡಾ ಕೇಕಿನತ್ತ ಒಮ್ಮೆ, ಬಾಗಿಲಿನತ್ತ ಒಮ್ಮೆ ನೋಡಿ ಓಡುತ್ತಾರೆ.

“ಓಡದೇ ಇನ್ನೇನು ಮಾಡಬೇಕಿತ್ತು? ಕೂಸು ಕಾಯತ್ತಾ?” ಎಂದು ಬೆರಿಲ್ ಡಂಕನ್‌ರತ್ತ ತಿರುಗುತ್ತಾರೆ.

“ಇಲ್ಲ,” ಎನ್ನುತ್ತಾರೆ ಡಂಕನ್. “ಅವತ್ತು ಕರೆದೋನು ನಾನೇ.”

ಎರಡನೆಯ ತುಣುಕು. ದೀಪಗಳನ್ನು ಸರಿಸುತ್ತಿದ್ದಾರೆ, ವಾದ್ಯದವರು ಶ್ರುತಿ ನೋಡುತ್ತಿದ್ದಾರೆ. ಚೌಕಟ್ಟಿನ ಬಲತುದಿಯಿಂದ ಹಸಿರು ಗರಿಯ ಟೋಪಿ ತೊಟ್ಟ ಒಬ್ಬ ಮಹಿಳೆ ಬರುತ್ತಾರೆ. ಬೆನ್ನು ಮಾತ್ರ ಕಾಣುತ್ತದೆ. ಕೇಕಿನ ಮುಂದೆ ನಿಂತು, ಸುತ್ತ ನೋಡಿ, ಇಷ್ಟೊಳ್ಳೆಯ ಕೇಕಿಗೆ ಯಾರೂ ಕಾವಲಿಲ್ಲವೇ ಎಂಬಂತೆ ತಲೆಯಾಡಿಸುತ್ತಾರೆ. ಕೈಚೀಲದಿಂದ ಎಣ್ಣೆ ಕಾಗದ ಹೊರಬರುತ್ತದೆ. ಎರಡೂ ಕೈಯಲ್ಲಿ, ಹೂವೊಂದೂ ಮುರಿಯದಂತೆ, ಮೇಲಿನ ಅಂತಸ್ತನ್ನು ಎತ್ತಿ, ಸುತ್ತಿ, ಎದೆಗವಚಿಕೊಂಡು ಅಡುಗೆಮನೆಯತ್ತ ನಡೆಯುತ್ತಾರೆ. ಕದ್ದವರ ನಡಿಗೆಯಲ್ಲ ಅದು. ನಿಜವಾದ ಮದುವೆಯಲ್ಲಿ ನಿಜವಾದ ಅತ್ತೆಯೊಬ್ಬಳ ನಡಿಗೆ.

ಯಾರೋ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಮೇಲಿನ ಕಪಾಟಿನಿಂದ, ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆಗಳ ಹಿಂದಿನಿಂದ, ಒಂದು ತಗಡಿನ ಡಬ್ಬಿ ಬರುತ್ತದೆ. ಮುಚ್ಚಳ ತೆಗೆದಾಗ ರಮ್ಮಿನ ಪರಿಮಳ ಮೊದಲ ಸಾಲಿನವರೆಗೂ ಹರಡುತ್ತದೆ. ಸಕ್ಕರೆಯ ಗುಲಾಬಿಗಳು ಹಾಗೇ ಇವೆ. ಗ್ಲೆಂಡಾ ಅವುಗಳನ್ನು ಎಣಿಸುವುದಿಲ್ಲ. ಅಂಚಿನ ಮೇಲೆ ಬೆರಳು ಆಡಿಸಿ ನೋಡುತ್ತಾರೆ, ಅಷ್ಟೆ.

“ಇದನ್ನ ನೋಡಿ ನಿಜವಾದ ಮದುವೆ ಅಂತ ನಂಬಿದ್ದಾರೆ ಯಾರೋ,” ಎನ್ನುತ್ತಾರೆ ಡಂಕನ್, ನಿಧಾನವಾಗಿ. “ಪ್ಲಾಸ್ಟರ್ ಕೇಕನ್ನ ಯಾರೂ ಹೀಗೆ ಎತ್ತಿಡ್ತಿರ್ಲಿಲ್ಲ. ಗ್ಲೆಂಡಾ, ಮಾರ್ಚ್‌ನಲ್ಲಿ ಇನ್ನೊಂದು ಮದುವೆ ಇದೆ. ನಾಲ್ಕು ಅಂತಸ್ತು ಆಗತ್ತಾ?”

“ನಾಲ್ಕು ಅಂದ್ರೆ ಕಂಬ ಬೇಕು. ಆಗತ್ತೆ,” ಎನ್ನುತ್ತಾರೆ ಗ್ಲೆಂಡಾ. ಏಪ್ರನ್ನಿನ ತುದಿ ಮೂಗಿಗೆ ಹೋಗಿ ಬರುತ್ತದೆ. “ಕಾವಲಿಗೆ ಒಬ್ಬರನ್ನ ಕೊಡಿ. ಕೂಸು ಯಾವಾಗ ಏಳತ್ತೋ ನಂಗೆ ಗೊತ್ತಿರಲ್ಲ.”

ಚಪ್ಪಾಳೆ ಬೀಳುತ್ತದೆ. ಚಹಾ ಮತ್ತೆ ಲೋಟಗಳಿಗೆ ಇಳಿಯುತ್ತದೆ. ರಿಮೋಟ್ ಮಾತ್ರ ಮೊದಲ ಸಲ ಮೇಜಿನ ಮೇಲೆ ಅನಾಥವಾಗಿ ಬಿದ್ದಿದೆ. ಅದನ್ನೆತ್ತಿಕೊಂಡ ಬೆರಿಲ್ ಚಿತ್ರವನ್ನು ಹಿಂದಕ್ಕೋಡಿಸಿ, ಹಸಿರು ಗರಿ ಕಾಣುವಲ್ಲಿ ನಿಲ್ಲಿಸುತ್ತಾರೆ.

“ಆ ಟೋಪಿ ನಂದು.”

ಇಡೀ ಸಭೆ ಅವರತ್ತ ತಿರುಗುತ್ತದೆ.

“ನನ್ನನ್ಯಾಕೆ ನೋಡ್ತೀರ? ಅವತ್ತು ಮಂಡಿನೋವು ಅಂತ ನಾನು ಮನೇಲಿದ್ದೆ. ಟೋಪಿ ಮಾತ್ರ ಎರವಲು ಹೋಗಿತ್ತು.”

“ಯಾರ ತಲೆ ಮೇಲೆ?” ಎಂದು ಕೇಳುತ್ತಾರೆ ಗ್ಲೆಂಡಾ, ಚಹಾದ ಕೆಟಲನ್ನು ಗಾಳಿಯಲ್ಲೇ ಹಿಡಿದು.

“ಸಿಸ್ಟರ್ ಯೂನಿಸ್ ಗಾಸ್ಲಿಂಗ್ ಅವರ ತಲೆ ಮೇಲೆ.”