ಸೊರಬದ ದಾರಿಯಲ್ಲಿ ಮುನಿಸಿಕೊಂಡ ಅಂಬಾಸಿಡರ್

ಕೇಳಿ ಗೆಳೆಯರೇ, ತಂಗಿಯ ಸೀಮಂತಕ್ಕೆಂದು ಇವತ್ತು ಶಿಕಾರಿಪುರದಿಂದ ಸೊರಬಕ್ಕೆ ಹೊರಟ ನಮ್ಮ ಹಳೇ ಅಂಬಾಸಿಡರ್ ದಾರಿಯಲ್ಲಿ ಐದು ಸಲ ಗಕ್ಕನೆ ನಿಂತಿತು. ಮೊದಲ ನಾಲ್ಕು ಸಲವೂ ನಮ್ಮ ಯಜಮಾನರು ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡಿ, ಆಮೇಲೆ ಬಾನೆಟ್ ಎತ್ತಿ ಏನನ್ನಾದರೂ ಬಿಚ್ಚಿ ಒರೆಸುವರು. ಗಾಡಿ ಹೊರಡುವುದು.

"ನೋಡಿದ್ಯಾ, ಪ್ಲಗ್ಗು!" ಎನ್ನುವರು. ಮುಂದಿನ ಸಲ, "ಪ್ಲಗ್ಗಲ್ಲ ಕಣೆ, ಕಾರ್ಬರೇಟರು!"

ಹಿಂದಿನ ಸೀಟಿನಲ್ಲಿದ್ದ ಅತ್ತೆ ನನ್ನ ಮೇಲೆ ಕೊಟ್ಟ ತೀರ್ಪು ಮಾತ್ರ ಬದಲಾಗಲಿಲ್ಲ. "ಆಯುಧಪೂಜೆ ದಿನ ನಾಕು ಬೊಟ್ಟು ಇಟ್ಟು ಕೈ ತೊಳ್ಕಂಡೆ ನೀನು. ಅದ್ಕೇ ಗಾಡಿ ಮುನಿಸ್ಕಂಡೈತೆ."

ಐದನೇ ಸಲ ಸಿಟ್ಟು ನೆತ್ತಿಗೇರಿ ನಾನೇ ಇಳಿದು ಮುಚ್ಚಳ ತಿರುಗಿಸಿದೆ. ಟ್ಯಾಂಕು ಸುಸ್ಸೆಂದು ಗಾಳಿ ಎಳೆದುಕೊಂಡಿತು. ಗಾಳಿಯಾಡಲೆಂದು ಮುಚ್ಚಳದಲ್ಲಿರುವ ಸಣ್ಣ ತೂತಿಗೆ ಕುಂಕುಮ ಮೆತ್ತಿಕೊಂಡು ಗಾರೆಯಂತೆ ಗಟ್ಟಿಯಾಗಿತ್ತು. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಎಂಜಿನ್ನಿಗೆ ಬರುತ್ತಿರಲಿಲ್ಲ. ಮುಚ್ಚಳ ತೆಗೆದಾಗಷ್ಟೇ ಗಾಡಿಗೆ ಜೀವ.

"ಅತ್ತೆ, ಇಲ್ಲಿಗೆ ಕುಂಕುಮ ಹಚ್ಚಿದ್ದು ಯಾರು?"

"ನಾನೇ. ನೀನು ಬಿಟ್ಟಿದ್ದೆಯಲ್ಲ, ಕಲಸಿ ದಪ್ಪಗೆ ಹಚ್ಚಿದೆ."

ಸೆರಗಿನ ಪಿನ್ನು ಬಿಚ್ಚಿ ತೂತು ಕೆರೆದೆ. ಸೊರಬದವರೆಗೆ ಗಾಡಿ ಕೆಮ್ಮಲೂ ಇಲ್ಲ. ಆರತಿಯ ಹೊತ್ತಿಗೆ ಸರಿಯಾಗಿ ಮುಟ್ಟಿದೆವು.

ಈಗ ಇಲ್ಲಿ ಯಜಮಾನರು ಊಟದ ಪಂಕ್ತಿಯಲ್ಲಿ ಕಾರ್ಬರೇಟರ್ ರಿಪೇರಿ ಮಾಡಿದ ಕಥೆ ಹೇಳುತ್ತಿದ್ದಾರೆ. ಪಕ್ಕದಲ್ಲಿ ಅತ್ತೆ, ಸೊಸೆಗೆ ಭಕ್ತಿ ಸಾಲದೆಂದು ಬೀಗರಿಗೆ ವಿವರಿಸುತ್ತಿದ್ದಾರೆ. ಒಪ್ಪಿದೆ, ನನಗೆ ಭಕ್ತಿ ಕಡಿಮೆಯೇ. ಆದರೆ ನನ್ನ ಭಕ್ತಿಗೆ ಗಾಡಿ ನಿಲ್ಲುವುದಿಲ್ಲ.