ನನ್ನ ಗೋಡೆಯ ಮೇಲೆ ಪಕ್ಕದ ಮನೆಯ ಫೋಟೋ

ಹೊಸ ಬಣ್ಣದ ವಾಸನೆ ಇನ್ನೂ ಮನೆಯಿಂದ ಹೋಗಿಲ್ಲ. ಯುಗಾದಿಗೆ ಮುಂಚೆ ಗೋಡೆಗಳಿಗೆ ಬಣ್ಣ ಹೊಡೆಸುವುದು ನನ್ನ ಪದ್ಧತಿ. ಹಜಾರದ ಫೋಟೋಗಳನ್ನೆಲ್ಲ ಇಳಿಸಿ ಮಂಚದ ಮೇಲೆ ಸಾಲಾಗಿ ಇಟ್ಟಿದ್ದೆ. ಬಣ್ಣದವನು ಕೈ ಒರೆಸಿಕೊಳ್ಳುತ್ತ ಬಂದು ಒಂದರ ಮುಂದೆ ನಿಂತ. ಕಪ್ಪು ಗೌನು, ಚೌಕದ ಟೋಪಿ ತೊಟ್ಟ ಹುಡುಗಿ. ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಅಂಗಿಯ ಗಂಡಸು, ಉಸಿರು ಬಿಗಿಹಿಡಿದು ನೆಟ್ಟಗೆ ನಿಂತಿದ್ದಾರೆ.

“ನಿಮ್ ಮಗ್ಳಾ ಅಮ್ಮ?”

“ಅಲ್ಲಪ್ಪ. ಪಕ್ಕದ ಮನೆಯವರು.”

“ಪಕ್ಕದ್ಮನೆಯೋರು ನಿಮ್ ಗ್ವಾಡೆ ಮ್ಯಾಲೇನ್ ಮಾಡ್ತಾವ್ರೆ?” ಎಂದು ನಕ್ಕ.

ಅವನನ್ನು ಕೆಲಸಕ್ಕೆ ಕಳಿಸಿ, ಗಾಜು ಒರೆಸುತ್ತ ಕುಳಿತೆ...

ಮಂಡ್ಯದ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾನು ನಿವೃತ್ತಳಾಗಿ ಮಳವಳ್ಳಿಗೆ ಬಂದು ಮನೆ ಮಾಡಿದಾಗ ಮೊದಲು ಮಾತಾಡಿಸಿದವರು ಈ ಫೋಟೋದ ಗಂಡಸು. ಬಂಡೂರು ಕಡೆಯವರು, ಹಿತ್ತಲಲ್ಲಿ ಒಂದಷ್ಟು ಕುರಿ ಸಾಕಿಕೊಂಡಿದ್ದರು. ಬೀದಿಗೆಲ್ಲ ಅವರು ಯಜಮಾನರು, ಅವರಿಗೆ ನಾನು ನರ್ಸಮ್ಮ. ಭಾನುವಾರ ಬೆಳಿಗ್ಗೆ ಏಳಕ್ಕೆ ಬಿಪಿ ನೋಡಿಸಿಕೊಳ್ಳಲು ಬರಬೇಕೆಂದು ಹೇಳಿದ್ದೆ. ತಡವಾದರೆ ಬೈಯುತ್ತಿದ್ದೆ. “ಕುರಿಗೂ ನಿಮ್ ಗಡಿಯಾರ ತೋರ್ಸಿ ನರ್ಸಮ್ಮ, ಅವು ನನ್ ಮಾತ್ ಕೇಳಾಕಿಲ್ಲ” ಎನ್ನುತ್ತ ಕುಳಿತುಕೊಳ್ಳುತ್ತಿದ್ದರು.

ಹೆಂಡತಿ ಇರಲಿಲ್ಲ. ಒಬ್ಬಳೇ ಮಗಳು. ತಾವು ಶಾಲೆಗೆ ಹೋಗಿರಲಿಲ್ಲ, ಮಗಳನ್ನು ಬಿಎ ಓದಿಸಿದ್ದರು. ಅವಳು ಪಾಸಾದ ವರ್ಷ ಮಂಡ್ಯದ ಸ್ಟುಡಿಯೋಗೆ ಕರೆದುಕೊಂಡು ಹೋಗಿ ತೆಗೆಸಿದ ಫೋಟೋ ಇದು. ಗೌನು, ಟೋಪಿ ಸ್ಟುಡಿಯೋದವರದೇ. ಒಬ್ಬಳೇ ನಿಲ್ಲಬೇಕಾಗಿದ್ದವಳು ಕೊನೆ ಗಳಿಗೆಯಲ್ಲಿ ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳಂತೆ. ಅವರ ಮನೆಗೆ ಯಾರೇ ಹೋಗಲಿ, ಕರೆಂಟಿನ ಮೀಟರು ನೋಡಲು ಬಂದವನೇ ಆಗಲಿ, ಮೊದಲು ಫೋಟೋದ ಎದುರು ನಿಲ್ಲಿಸುತ್ತಿದ್ದರು. ನೀರು, ಕಾಫಿ ಆಮೇಲೆ. “ನಮ್ ಮಗ ಬಿಎ. ಈ ಕರೀ ಬಟ್ಟೆ ಎಲ್ರಿಗೂ ಕೊಡಾಕಿಲ್ಲ, ಓದ್ದೋರ್ಗೇ ಕೊಡೋದು.” ಮಗಳನ್ನು ಅವರು ‘ಮಗ’ ಎಂದೇ ಕರೆಯುತ್ತಿದ್ದರು.

ಆ ಬಿಎಗೆ ಕೆಲಸ ಸಿಗಲಿಲ್ಲ. ಕೊನೆಗೆ ಮದ್ದೂರು ಕಡೆಯ ಒಂದು ಗಾರ್ಮೆಂಟ್ಸಿಗೆ ಹೋದಳು. ಅಲ್ಲೂ ಬೇಡವೆಂದರು. ಡಿಗ್ರಿ ಓದಿದವರು ನಾಲ್ಕು ದಿನ ಹೊಲಿದು ಬಿಟ್ಟು ಹೋಗುತ್ತಾರೆ, ಇರುವಷ್ಟು ದಿನವೂ ಕಾನೂನು ಮಾತಾಡುತ್ತಾರೆ ಎನ್ನುವುದು ಅವರ ಲೆಕ್ಕಾಚಾರ. ಇನ್ನೊಂದು ಗಾರ್ಮೆಂಟ್ಸಿಗೆ ಅರ್ಜಿ ಹಾಕುವ ಮುನ್ನ ಅವಳು ನನ್ನ ಹತ್ತಿರ ಬಂದಳು. ಡಿಗ್ರಿ ಬರೆಯಲೋ, ಎಸ್ಸೆಸ್ಸೆಲ್ಸಿಗೇ ನಿಲ್ಲಿಸಲೋ?

“ಇದ್ದದ್ದು ಇದ್ದ ಹಾಗೆ ಬರಿ. ರೋಗಿಯ ಚೀಟಿಯಲ್ಲಿ ಒಂದು ಸಾಲು ಬಿಟ್ಟರೂ ತಪ್ಪು ತಪ್ಪೇ” ಎಂದೆ.

“ನಿಮ್ ರೋಗಿಗೆ ಬೆಡ್ಡಾದ್ರೂ ಸಿಕ್ಕಿರ್ತದೆ ಆಂಟಿ. ನನ್ನ ಗೇಟಿನ ಒಳಗೇ ಬುಡಲ್ವಲ್ಲ.”

ಅವಳು ಡಿಗ್ರಿ ಬರೆಯಲಿಲ್ಲ. ಕೆಲಸ ಸಿಕ್ಕಿತು. ಬೆಳಿಗ್ಗೆ ಕಂಪನಿ ಬಸ್ಸಿಗೆ ಬುತ್ತಿ ಹಿಡಿದು ಓಡುವ ಹೆಂಗಸರಲ್ಲಿ ಅವಳೂ ಒಬ್ಬಳಾದಳು. ಹೊಟ್ಟೆಪಾಡಿಗೆ ದಾರಿಯಾಯಿತು, ಹಾಗಾಗಿ ನಾನೂ ಸುಮ್ಮನಾದೆ. ಗೋಡೆಯ ಮೇಲಿನ ಫೋಟೋ ಯಾರಿಗೂ ನೆನಪಾಗಲಿಲ್ಲ.

ನೆನಪಾದದ್ದು ವರ್ಷತೊಡಕಿಗೆ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಬಾಡೂಟವಿಲ್ಲದ ಮನೆ ಕಡಿಮೆ. ಯಜಮಾನರಂತೂ ಕರೆಯದೆ ಬಿಡುವವರಲ್ಲ. ಮಗಳ ಜೊತೆ ಬಸ್ಸಿನಲ್ಲಿ ಹೋಗುವವರನ್ನೆಲ್ಲ ಕರೆದರು, ಅವರ ಸೂಪರ್‌ವೈಸರ್ ಮೇಡಮ್ಮನ್ನೂ ಕರೆಸಿದರು. ಅಂದು ಬೆಳಿಗ್ಗೆ ಮಗಳು ಬೆಡ್‌ಶೀಟಿನಲ್ಲಿ ಸುತ್ತಿದ ಫೋಟೋ ತಂದು ನನ್ನ ಕೈಗಿಟ್ಟಳು. “ಇವತ್ತೊಂದಿನ ಇಟ್ಕೊಳಿ ಆಂಟಿ. ಅಪ್ಪಂಗೂ ಹೇಳಿದೀನಿ, ಬಾಯಿ ಬುಡಬ್ಯಾಡ ಅಂತ.”

ನಾನು ಬಾಡು ತಿನ್ನುವವಳಲ್ಲದಿದ್ದರೂ ಬಡಿಸಲು ಹೋಗಿದ್ದೆ. ಸೂಪರ್‌ವೈಸರ್ ಒಳ್ಳೆಯ ಹೆಂಗಸು. ಎಲೆಯ ಮುಂದೆ ಕುಳಿತು, “ಯಜಮಾನ್ರೇ, ನಿಮ್ ಮಗಳು ಬಲೇ ಚುರುಕು ಕಣ್ರೀ. ಮುಂದುಕ್ ಓದುಸ್ಬೇಕಾಗಿತ್ತು” ಎಂದಳು.

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಯಜಮಾನರು ಒಮ್ಮೆ ಗೋಡೆಯ ಕಡೆ ನೋಡಿದರು. ಅಲ್ಲಿ ಮೊಳೆ ಮಾತ್ರ ಇತ್ತು.

“ಎಲ್ಲಿ ಓದಾಳು ಬುಡಿ ಮೇಡಮ್ಮೋರೆ. ಅತ್ನೇ ಕ್ಲಾಸ್ಗೇ ತಲೆ ಓಡ್ನಿಲ್ಲ, ಬುಡುಸ್ಬುಟ್ಟೆ” ಎಂದು ದೊಡ್ಡದಾಗಿ ನಕ್ಕರು. ಮೇಡಮ್ಮನ ಎಲೆಗೆ ಇನ್ನೆರಡು ತುಂಡು ಹಾಕಿ, ಬಚ್ಚಲ ಕಡೆ ಹೋಗಿ ಬಹಳ ಹೊತ್ತು ಕೈ ತೊಳೆದರು. ಅವರಿನ್ನೂ ಉಂಡಿರಲಿಲ್ಲ. ಮಗಳು ತಲೆ ಎತ್ತದೆ ಮುದ್ದೆ ಬಡಿಸುತ್ತಲೇ ಇದ್ದಳು.

ಒಂದು ದಿನಕ್ಕೆಂದು ಬಂದ ಫೋಟೋ ವಾಪಸು ಹೋಗಲಿಲ್ಲ. ಬಸ್ಸಿನ ಗೆಳತಿಯರು ಈಗ ಯಾವಾಗೆಂದರೆ ಆಗ ಮನೆಗೆ ಬರುತ್ತಿದ್ದರು. ವಸ್ತು ಇದ್ದ ಮೇಲೆ ಅದರ ಜಾಗದಲ್ಲಿ ಇರಬೇಕು, ಸುತ್ತಿ ಮೂಲೆಗಿಡುವುದು ನನಗಾಗದು. ನನ್ನ ಹಜಾರದಲ್ಲೇ ತೂಗುಹಾಕಿದೆ. ಮುಂದಿನ ಭಾನುವಾರ ಯಜಮಾನರು ಬಂದವರು ಎಂದಿನ ಕುರ್ಚಿಯನ್ನು ತಾವೇ ತಿರುಗಿಸಿ ಫೋಟೋದ ಎದುರು ಹಾಕಿಕೊಂಡರು. ಅಂದಿನಿಂದ ಅವರು ಒಮ್ಮೆಯೂ ತಡವಾಗಿ ಬರಲಿಲ್ಲ. ಬಿಪಿ ನೋಡಿ ಮುಗಿದರೂ ತೋಳಿನ ಪಟ್ಟಿ ಬಿಚ್ಚಲು ಅವಸರ ಮಾಡುತ್ತಿರಲಿಲ್ಲ...

“ಯಾವಾಗಂತೆ ತೊಗೊಂಡು ಹೋಗೋದು?” ಎಂದು ನಾನು ಕೇಳಿದರೆ, “ಪರ್ಮನೆಂಟ್ ಆಗ್ಲಿ ಅಂತದೆ ಮಗ” ಎನ್ನುತ್ತಿದ್ದರು. ಅವಳ ಕೆಲಸ ಪರ್ಮನೆಂಟೂ ಆಯಿತು. ಅಷ್ಟರಲ್ಲಿ ಅದೇ ಕಂಪನಿಯಲ್ಲಿ ಕಾಲೇಜು ಓದಿದವರೇ ಬೇಕಾದ ಮೇಲಿನ ಒಂದು ಕೆಲಸ ಖಾಲಿಯಾಯಿತು. ಯಜಮಾನರು ಭಾನುವಾರದವರೆಗೂ ಕಾಯದೆ ಓಡಿ ಬಂದರು. “ಈಗ್ ಡಿಗ್ರಿ ಇಚಾರ ಏಳ್ಬೌದಲ್ವಾ ನರ್ಸಮ್ಮ? ನೀವೊಂದ್ ಮಾತು ಮಗೀಗೆ ಏಳಿ.”

ಹೇಳಿದೆ. ಅವಳು ಒಪ್ಪಲಿಲ್ಲ. “ಈಗ ಡಿಗ್ರಿ ತೋರ್ಸಿದ್ರೆ ಇಷ್ಟು ದಿನ ಮುಚ್ಚಿಟ್ಟಿದ್ಯಾಕೆ ಅಂತಾರೆ. ಮೇಲಿಂದು ಸಿಗೋದು ಹಾಗಿರ್ಲಿ, ಇರೋದೂ ಹೋಯ್ತದೆ” ಎಂದಳು. ಅವಳ ಮಾತು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆ ಕೆಲಸಕ್ಕೆ ಹೊರಗಿನಿಂದ ಯಾರೋ ಬಂದರು. ಯಜಮಾನರು ಆಮೇಲೆ ಫೋಟೋದ ಮಾತು ಎತ್ತಲಿಲ್ಲ. ಕುರ್ಚಿ ಮಾತ್ರ ಎದುರಿಗೇ ಹಾಕಿಕೊಳ್ಳುತ್ತಿದ್ದರು.

ಅವರು ಹೋದದ್ದು ಒಂದು ಮಧ್ಯಾಹ್ನ, ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಾಗ. ತಿಥಿಗೆ ಹಾರ ಹಾಕಲು ಫೋಟೋ ಬೇಕಾಯಿತು. ಅವರ ಮುಖ ನೆಟ್ಟಗೆ ಕಾಣುವ ಫೋಟೋ ಇದೊಂದೇ. ನಾನೂ ಅವಳೂ ಇದನ್ನು ಇಲ್ಲಿಯ ಸ್ಟುಡಿಯೋಗೆ ಒಯ್ದೆವು. ಮಗಳನ್ನು ಬಿಟ್ಟು ಅಪ್ಪನನ್ನು ಮಾತ್ರ ದೊಡ್ಡದು ಮಾಡಿಕೊಟ್ಟ ಸ್ಟುಡಿಯೋದವನು. ಆದರೆ ಅವಳು ತೋಳು ಹಿಡಿದು ನಿಂತಿದ್ದ ಕಡೆ, ಅವರ ಬಿಳಿ ಅಂಗಿಯ ಪಕ್ಕ, ಗೌನಿನ ಕಪ್ಪು ತೋಳೊಂದು ಉಳಿದುಕೊಂಡಿತು.

“ಕಂಪ್ಯೂಟರಲ್ಲಿ ಅಳಿಸ್ಕೊಡ್ತೀನಿ” ಎಂದ ಅವನು.

“ಬ್ಯಾಡ. ಅದಾದ್ರೂ ಇರ್ಲಿ” ಎಂದಳು.

ತಿಥಿಯ ದಿನ ಬಸ್ಸಿನ ಗೆಳತಿಯೊಬ್ಬಳು ಹಾರ ಹಾಕಿದ ಫೋಟೋ ನೋಡಿ, “ಅದೇನೇ ಕರ್ರಗೆ, ನಿಮ್ಮಪ್ಪನ ಪಕ್ಕ?” ಎಂದು ಕೇಳಿದಳು. “ಛತ್ರಿ ಕಣೆ” ಎಂದು ಇವಳು ಒಳಗೆ ಹೋದಳು.

ಮೊನ್ನೆ ಬಣ್ಣ ಮುಗಿದ ಸಂಜೆ, ಬಸ್ಸಿಳಿದು ಬರುತ್ತಿದ್ದವಳನ್ನು ನಿಲ್ಲಿಸಿ, “ಫೋಟೋ ಇಳಿಸಿದ್ದೀನಿ. ಈಗಲಾದರೂ ತೊಗೊಂಡು ಹೋಗಿ ಹಾಕಿಕೊ” ಎಂದೆ. ಅವಳು ಬುತ್ತಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

“ಅಪ್ಪ ಇದ್ದಾಗ ಹಾಕ್ನಿಲ್ಲ ಆಂಟಿ. ಬಂದೋರ್ಗೆ ತೋರ್ಸೋರು ಯಾರವ್ರೆ ಈಗ?”

ಫೋಟೋವನ್ನು ಹಳೆಯ ಮೊಳೆಗೇ ಮತ್ತೆ ಹಾಕಿದೆ. ಬಣ್ಣದವನು ಕುರ್ಚಿಗಳನ್ನೆಲ್ಲ ಹಜಾರದ ನಡುವೆ ಒಟ್ಟಿ ಹೋಗಿದ್ದ. ಎಲ್ಲವನ್ನೂ ಅವುಗಳ ಜಾಗಕ್ಕೆ ಇಟ್ಟೆ. ಒಂದನ್ನು ಫೋಟೋದ ಎದುರಿಗೆ.