ಎರಡು ಕಪ್ಪು ಸಕ್ಕರೆ

ನನಗೆ ಓದು ಅಷ್ಟಕ್ಕಷ್ಟೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯುತ್ತೇನೆ. ಆದರೆ ಯಾವ ಮಾತನ್ನು ಯಾವುದಕ್ಕೆ ಸೇರಿಸಬೇಕು ಅನ್ನುವುದು ಈಗಲೂ ಒಂದೊಂದು ಸಲ ತಪ್ಪುತ್ತದೆ. ಅಂಥ ಒಂದು ತಪ್ಪಿನಿಂದ ಹುಟ್ಟಿದ ಚಾಕಲೇಟು ಕೇಕಿನ ವಿಷಯ ಇದು. ಮೊಮ್ಮಕ್ಕಳು ಅದನ್ನು ಅಜ್ಜಿ ಕೇಕು ಅನ್ನುತ್ತಾರೆ. ಅದು ನನ್ನ ಕೇಕಲ್ಲ, ನನ್ನ ನಾದಿನಿಯದು. ಬರೆದಿಟ್ಟರೆ ಆ ಮಾತಾದರೂ ಸರಿಹೋದೀತು.

ಆಗ ಪೇಟೆಯಂಚಿನ ಕೆಸರೆ ಇನ್ನೂ ಹಳ್ಳಿಯಂತೆಯೇ ಇತ್ತು. ನಾವು ಹೊಲ ಬಿಟ್ಟು ಬಂದು ಅಲ್ಲಿ ಮನೆ ಮಾಡಿದ್ದೆವು. ನಮ್ಮ ಯಜಮಾನರು ಸೌದೆ ಡಿಪೋದಲ್ಲಿ ಕೆಲಸಕ್ಕಿದ್ದರು. ಎರಡು ಎಮ್ಮೆ, ನಾಲ್ಕು ಕೋಳಿ, ಹಾಲು ಬೆಣ್ಣೆಯ ವ್ಯಾಪಾರ, ಇವು ನನ್ನದೂ ಅತ್ತೆಯದೂ. ಮನೆಯಲ್ಲಿದ್ದ ಇನ್ನೊಬ್ಬಳು ನಮ್ಮವರ ತಂಗಿ. ಎಂಟನೇ ಕ್ಲಾಸು ಪಾಸು ಮಾಡಿದ್ದಳು. ಅವಳು ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಅಂತೆಲ್ಲ ಸುತ್ತಿ ಬಳಸಿ ಹೇಳುವುದಿಲ್ಲ, ಕಪ್ಪು. ಮೂರು ಗಂಡುಗಳು ಬಂದು ಉಪ್ಪಿಟ್ಟು ತಿಂದು ಬಣ್ಣ ಸಾಲದು ಎಂದು ಹೋಗಿದ್ದವು. ಮೂರನೆಯವನು ಹೋದ ಮೇಲೆ ಅತ್ತೆ ಎರಡು ದಿನ ಒಲೆಯ ಮುಂದಿಂದ ಏಳಲಿಲ್ಲ.

ನಾಲ್ಕನೆಯದನ್ನು ತಂದವರು ನಮ್ಮ ಯಜಮಾನರ ಸೋದರಮಾವ. ಹುಡುಗನಿಗೆ ಮೇಟಗಳ್ಳಿ ಕಡೆ ಹೊಸದಾಗಿ ಎದ್ದ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಯಾರೋ ಇಂಜಿನಿಯರ ಮನೆಯಲ್ಲಿ ಚಾಕಲೇಟು ಕೇಕು ತಿಂದವನು ಅವತ್ತಿಂದ ತಾಯಿಯ ಮುಂದೆ ಅದನ್ನೇ ಹೊಗಳುತ್ತಿದ್ದನಂತೆ. ಆ ತಾಯಿ ಹುಡುಗಿಯ ಬಣ್ಣ ಹೇಗೆ ಎಂದು ಕೇಳಿದಾಗ ನಮ್ಮ ಮಾವ ಬಣ್ಣದ ಮಾತು ತಪ್ಪಿಸಿ, ಹುಡುಗಿ ಕೇಕು ಮಾಡುವುದರಲ್ಲಿ ಎತ್ತಿದ ಕೈ ಎಂದುಬಿಟ್ಟಿದ್ದರು. ಗುರುವಾರ ನೋಡಲು ಬರುತ್ತಾರೆ, ಕೇಕಿಗೆ ಕಾಯುತ್ತಾರೆ.

"ಮಾವ, ಕೇಕನ್ನ ನೀವು ಕಣ್ಣಲ್ಲಾದ್ರೂ ಕಂಡಿದ್ದೀರಾ?" ಎಂದೆ.

"ನಾನ್ಯಾಕವ್ವ ಕಾಣ್ಬೇಕು? ಮಾಡೋಳು ನೀನು," ಎಂದರು. "ಬಣ್ಣ ಕೇಳುದ್ರು. ಏನಾದ್ರೂ ಏಳಿ ಬಾಯಿ ಮುಚ್ಚುಸ್ಬೇಕಿತ್ತು. ಕೇಕು ಬಾಯಿಗೆ ಬಂದ್ಬುಡ್ತು, ಏನ್ಮಾಡ್ಲಿ?"

ನಾದಿನಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಅಲ್ಲಿಂದಲೇ ಹೇಳಿದಳು. "ನಾನು ಸುಳ್ ಏಳಕಿಲ್ಲ ಅತ್ಗೆ, ಈಗ್ಲೇ ಏಳ್ಬುಟ್ಟಿವ್ನಿ."

"ನೀನೇನೂ ಹೇಳ್ಬೇಡ ಕಣಮ್ಮಿ. ತಟ್ಟೆ ತಂದಿಟ್ಟು ತಲೆ ತಗ್ಗಿಸ್ಕೊಂಡು ಕೂತ್ಕೊ. ಬಾಯಿ ನಾನು ಆಡ್ತೀನಿ," ಎಂದೆ.

ನನಗೆ ಆ ಸುಳ್ಳು ಅಂಥ ದೊಡ್ಡದಾಗಿ ಕಾಣಲಿಲ್ಲ. ಮದುವೆಯೊಂದು ಆಗಿಬಿಟ್ಟರೆ ಸಾಕಿತ್ತು.

ಕೇಕು ಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ. ನಾನು ದಿನಾ ಹಾಲು ಹಾಕುತ್ತಿದ್ದ ನರ್ಸಮ್ಮ. ಕ್ರಿಸ್‌ಮಸ್ಸಿಗೆ ನನಗೂ ಒಂದು ತುಂಡು ಕೊಡುತ್ತಿದ್ದರು. ಬುಧವಾರ ಬೆಳಿಗ್ಗೆ ಹಾಲು ಅಳೆಯುತ್ತಾ ಕೇಳಿದೆ. ಆಕೆ ಆಸ್ಪತ್ರೆಗೆ ಹೊರಟಿದ್ದರು. "ನಿಮ್ಗೆ ಅನುಕೂಲ ಆಗ್ಲಿ ಅಂತ ಲೋಟದ ಲೆಕ್ಕದಲ್ಲೇ ಬರೀತೀನಿ," ಎನ್ನುತ್ತಾ ಬಾಗಿಲಲ್ಲಿ ನಿಂತೇ ಪೆನ್ಸಿಲಿನಲ್ಲಿ ಒಂದು ಚೀಟಿ ಬರೆದರು. ಕೊಕೊ ಪುಡಿಯ ಡಬ್ಬವನ್ನೂ ಕೊಟ್ಟರು. ಮುಚ್ಚಳ ಕೂಡ ತೆಗೆದಿರಲಿಲ್ಲ. ಸೌದೆ ಒಲೆಯಲ್ಲಿ ಬೇಯಿಸುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ, ಅಗಲವಾದ ಪಾತ್ರೆಗೆ ಮರಳು ಹಾಕಿ ಕಾಯಿಸಿ, ಒಳಗೆ ಹಿಟ್ಟಿನ ಡಬರಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿ ಎಂದು ಬಾಯಲ್ಲೇ ಹೇಳಿಕೊಟ್ಟು ಓಡಿದರು.

ಮನೆಗೆ ಬಂದು ಅಕ್ಷರ ಕೂಡಿಸಿ ಓದಿದೆ. ಮೈದಾ ಎರಡು ಲೋಟ. ಬೆಣ್ಣೆ ಒಂದು ಲೋಟ. ಹಾಲು ಅರ್ಧ ಲೋಟ. ಮೊಟ್ಟೆ ನಾಲ್ಕು. ಅಡುಗೆ ಸೋಡ ಒಂದು ಚಮಚ. ಇಲ್ಲಿಯವರೆಗೆ ಸರಿ. ಆಮೇಲೆ 'ಎರಡು ಕಪ್ಪು ಸಕ್ಕರೆ' ಎಂದಿತ್ತು. ಅದರ ಕೆಳಗೆ 'ಅರ್ಧ ಕಪ್ಪು ಕೊಕೊ ಪುಡಿ'.

ನಮ್ಮ ಮನೆಯಲ್ಲಿ ಆಗ ಕಪ್ಪು ಅನ್ನುವ ಪಾತ್ರೆಯೇ ಇರಲಿಲ್ಲ. ಕಾಫಿಯೂ ಲೋಟದಲ್ಲಿ, ಕಷಾಯವೂ ಲೋಟದಲ್ಲಿ. ಕಪ್ಪು ಎಂದರೆ ನಮಗೆ ಬಣ್ಣ. ಅದರಲ್ಲೂ ಆ ಮನೆಯಲ್ಲಿ ಆ ಮಾತು ಕಿವಿಗೆ ಬಿದ್ದರೆ ಬೇರೆ ಯಾವ ಅರ್ಥವೂ ಹೊಳೆಯುವಂತಿರಲಿಲ್ಲ.

"ಕಪ್ಪು ಸಕ್ಕರೆ ಅಂತ ಇದ್ಯೇನಮ್ಮಿ?" ಎಂದು ಚೀಟಿಯನ್ನು ನಾದಿನಿಗೆ ಕೊಟ್ಟೆ.

ಅವಳೂ ಓದಿ, "ಅಂಗೇ ಬರದವ್ರೆ ಅತ್ಗೆ. ಎರಡು ಕಪ್ಪು ಸಕ್ಕರೆ," ಎಂದಳು.

ಒಗಟು ಬಿಡಿಸಿದವರು ನಮ್ಮತ್ತೆ. "ಕಪ್ಪು ಸಕ್ಕರೆ ಅಂದ್ರೆ ಬೆಲ್ಲ ಕಣ್ರೇ! ಪ್ಯಾಟೆಯವ್ರು ಬೆಲ್ಲ ಅನ್ನಕ್ಕೆ ನಾಚ್ಕಂಡು ಅಂಗೆ ಬರೀತಾರೆ. ಎರಡು ಅಂದ್ರೆ ಎರಡಚ್ಚು."

ಸಕ್ಕರೆ ಸಿಗುವುದೇ ಕಷ್ಟವಾಗಿದ್ದ ಕಾಲ. ನನಗೂ ಅದೇ ಸರಿ ಅನ್ನಿಸಿತು. ಗೂಡಿನಲ್ಲಿದ್ದ ಅಚ್ಚುಬೆಲ್ಲದಲ್ಲಿ ಅತಿ ಕಪ್ಪಗಿದ್ದ ಎರಡನ್ನು ಆರಿಸಿಕೊಂಡೆ. ಕೊಕೊ ಪುಡಿ ಹೇಗಿದ್ದರೂ ಕಪ್ಪು, ಹಾಗಾಗಿ ಅರ್ಧ ಎಂದರೆ ಅರ್ಧ ಡಬ್ಬ.

ಗುರುವಾರ ಹಾಲು ಹಾಕಿ ಬಂದವಳೇ ಒಲೆ ಹಚ್ಚಿದೆ. ಬೆಣ್ಣೆ, ಬೆಲ್ಲ, ಮೊಟ್ಟೆ ಕಡೆಯಲು ನಾದಿನಿ ಕಡಗೋಲು ತಂದಳು. ಅತ್ತೆ ಕೈಯಿಂದ ಕಿತ್ತುಕೊಂಡರು. "ಮಜ್ಜಿಗೆ ಕಡಿಯೋ ಕಡಗೋಲಿಗೆ ಮೊಟ್ಟೆ ಮುಟ್ಟುಸ್ತೀಯಾ? ಎಮ್ಮೆ ಹಾಲು ಬತ್ತೋಗ್ಲಿ ಅಂತಾನಾ?" ನಾವು ಮೊಟ್ಟೆ ತಿನ್ನುವವರೇ, ಆದರೆ ಕಡಗೋಲಿನ ಲೆಕ್ಕ ಬೇರೆ. ಕೊನೆಗೆ ಮುದ್ದೆ ಕೋಲಿನಲ್ಲೇ ತಿರುವಿದ್ದಾಯಿತು. ನಾದಿನಿ ಮಡಕೆಯನ್ನು ಎರಡು ಕಾಲಿನ ನಡುವೆ ಹಿಡಿದು, ರಾಗಿ ಹಿಟ್ಟು ಕೂಡಿಸುವಂತೆ ಆ ಗಟ್ಟಿ ಹಿಟ್ಟನ್ನು ತಿರುವಿದಳು. ಬೆವರು ಮೂಗಿನ ತುದಿಗೆ ಬಂದರೂ ಕೋಲು ಬಿಡಲಿಲ್ಲ.

ಮುಕ್ಕಾಲು ಗಂಟೆ ಬೇಯಬೇಕು ಎಂದಿದ್ದರು ನರ್ಸಮ್ಮ. ಮನೆಯಲ್ಲಿ ಗಡಿಯಾರ ಎಲ್ಲಿ? ಹೊಸ ಪೊರಕೆ ಕಡ್ಡಿ ಮುರಿದು ಚುಚ್ಚಿ ಚುಚ್ಚಿ ನೋಡಿದೆ. ಕಡ್ಡಿಗೆ ಹಿಟ್ಟು ಅಂಟದೆ ಬಂದಾಗ ಇಳಿಸಿದೆ. ಘಮ ಎಂದರೆ ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿದರು. ತಟ್ಟೆಗೆ ಬೋರಲು ಹಾಕಿದೆ. ನರ್ಸಮ್ಮನ ಕೇಕು ಕಾಫಿಪುಡಿ ಬಣ್ಣಕ್ಕಿರುತ್ತಿತ್ತು. ಇದು ದೋಸೆ ಕಾವಲಿಯ ಹಾಗೆ ಕಪ್ಪಗೆ ಮಿರಮಿರ ಮಿಂಚುತ್ತಾ ಕೂತಿತ್ತು.

ಬರುವವರು ಬಣ್ಣ ನೋಡುವ ಜನ, ಮೊದಲು ಕಣ್ಣಿಗೆ ಬೀಳುವುದೇ ಇದು. ಆಗಷ್ಟೇ ನಾದಿನಿಯನ್ನು ಕೂರಿಸಿಕೊಂಡು ಮುಖಕ್ಕೆ, ಕತ್ತಿಗೆ, ಮೊಣಕೈತನಕ ಪೌಡರು ಬಳಿದಿದ್ದೆ. ಅದೇ ಕೈಯಲ್ಲಿ ಕೊಬ್ಬರಿ ತುರಿಯಲು ಕೂತೆ. ಮೇಲೆ ದಪ್ಪವಾಗಿ ಉದುರಿಸಿದರೆ ಬೆಳ್ಳಗಾದರೂ ಕಾಣುತ್ತದೆ ಅಂತ.

ಅವಳು ನೋಡುತ್ತಾ ನಿಂತಿದ್ದಳು. "ಅದ್ಕೂ ಪೌಡ್ರು ಬಳೀತೀಯಾ ಅತ್ಗೆ?" ಎಂದಳು.

ಸಿಟ್ಟಿನಲ್ಲಿ ಹೇಳಲಿಲ್ಲ, ನಗುತ್ತಲೇ ಹೇಳಿದಳು. ನಾನು ಕೊಬ್ಬರಿ ಗಿಟುಕನ್ನು ಕೆಳಗಿಟ್ಟೆ. ಅವಳ ಮುಖ ನೋಡಿದೆ. ಬೆವರಿಗೆ ಪೌಡರು ಗೆರೆಗೆರೆಯಾಗಿ ಇಳಿದು, ಸುಣ್ಣ ಉದುರಿದ ಗೋಡೆಯಂತಾಗಿತ್ತು. ಬಂದ ಗಂಡುಗಳನ್ನು ನಾನು ಬಾಯಿ ತುಂಬಾ ಬೈದಿದ್ದೆ. ಅವರು ನೋಡುವ ಮೊದಲೇ ಪ್ರತಿ ಸಲವೂ ಪೌಡರು ಡಬ್ಬ ತೆರೆದವಳು ನಾನು. ಅದು ನನಗೆ ಅವತ್ತೇ ಹೊಳೆಯಿತು. "ಹೋಗಿ ಮುಖ ತೊಳ್ಕೊಂಡು ಬಾ," ಎಂದೆ. ಅವಳು ತೊಳೆದುಕೊಂಡು ಬಂದಳು. ಕೇಕನ್ನೂ ಹಾಗೇ ಬಿಟ್ಟೆವು.

ಮಧ್ಯಾಹ್ನ ಹುಡುಗ, ಅವನ ತಾಯಿ, ಮುಂದೆ ನಮ್ಮ ಮಾವ, ಹೀಗೆ ಬಂದರು. ಕೇಕು ಹೆಚ್ಚಲು ಚಾಕು ತೆಗೆದುಕೊಂಡರೆ ಅತ್ತೆ ಒಳಮನೆಯಲ್ಲಿ ಕೈ ಹಿಡಿದರು. "ಹೆಣ್ ನೋಡೋ ಹೊತ್ನಲ್ಲಿ ಚಾಕು ಹಿಡೀತೀಯಾ? ಸಂಬಂಧ ಕತ್ತರ್ಸೋಗ್ಲಿ ಅಂತಾನಾ?" ಬೇಯಿಸಿದ ಮೊಟ್ಟೆ ಕುಯ್ಯುವ ಹಾಗೆ ದಾರ ಹಿಡಿದು ಕುಯ್ದೆ. ಒಳಗೂ ಅಷ್ಟೇ ಕಪ್ಪು, ಹಸಿ ಮಣ್ಣಿನ ಹಾಗೆ ಒದ್ದೆಒದ್ದೆ.

ನಾದಿನಿ ತಟ್ಟೆ ತಂದಿಟ್ಟು ಚಾಪೆಯ ಮೇಲೆ ಕೂತಳು. ಹುಡುಗನ ತಾಯಿ ನೋಡಿದರು. "ಇದೇನವ್ವ, ಇಷ್ಟೊಂದು ಕಪ್ಪು?" ಎಂದರು.

ಕೇಕಿಗೆ ಅಂದರೋ ಹುಡುಗಿಗೆ ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಯಿ ನಾನು ಆಡುತ್ತೇನೆ ಎಂದಿದ್ದವಳಿಗೆ ಬಾಯೇ ಬರಲಿಲ್ಲ.

"ಕರೀ ಬೆಲ್ಲ ಹಾಕಿದ್ದೀವಿ, ಅದ್ಕೆ," ಎಂದಳು ನಾದಿನಿ. "ತಿಂದ್ನೋಡಿ."

ತಿಂದರು. ಹುಡುಗ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದ. ಆಮೇಲೆ ಮೂರನೆಯದು. "ಆ ಇಂಜಿನಿಯರ್ ಮನೇದು ಇದ್ರ ಮುಂದೆ ಏನೂ ಇಲ್ಲ ಕಣವ್ವ," ಎಂದ ತಾಯಿಗೆ. ಮಾವ ನನ್ನ ಕಡೆ ನೋಡಿ ಮೀಸೆಯಡಿ ನಕ್ಕರು. ನನಗೂ ಅರ್ಧ ಮದುವೆ ಆದಂತೆಯೇ ಅನ್ನಿಸಿತು.

ತಾಯಿಗೂ ರುಚಿ ಹತ್ತಿತ್ತು. "ಎಷ್ಟು ಮೊಟ್ಟೆ ಹಾಕ್ದೆ ಮಗ?" ಎಂದು ಕೇಳಿದರು.

"ನಾಲ್ಕು," ಎಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರೆ ಮಾಡ್ದೋಳು ನಾನಲ್ಲ. ನಮ್ಮತ್ಗೆ. ನಾನು ಕೋಲಲ್ಲಿ ತಿರುವ್ದೆ ಅಷ್ಟೇಯ. ನಂಗೆ ಕೇಕು ಮಾಡಕ್ಕೆ ಬರಕಿಲ್ಲ, ನಮ್ಮಾವ ಸುಮ್ನೆ ಏಳವ್ರೆ."

ಮಾವನಿಗೆ ಕೇಕು ಗಂಟಲಿಗೆ ಸಿಕ್ಕಿ ನೀರು ಕೊಡಬೇಕಾಯಿತು. ಹುಡುಗ ಗಟ್ಟಿಯಾಗಿ ನಕ್ಕುಬಿಟ್ಟ. ತಾಯಿ ನಗಲಿಲ್ಲ. ಹೇಳಿ ಕಳಿಸುತ್ತೇವೆ ಎಂದು ಎದ್ದರು. ಅವರು ಗೇಟು ದಾಟುವುದರೊಳಗೆ ನಾನು ಅವಳ ತೋಳು ಹಿಡಿದು ಗಿಂಡಿದ್ದೆ. "ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತೇ ನಿಂಗೆ?"

"ಮದ್ವೆ ಆಗ್ತಿತ್ತು," ಎಂದಳು. "ಆಮೇಲೆ ಆ ಮನೇಲಿ ಕೇಕು ಮಾಡು ಅಂದ್ರೆ ನಿನ್ನ ಕರ್ಸ್ಕಳ್ಲಾ?"

ಮಾರನೆಯ ದಿನ ನರ್ಸಮ್ಮನಿಗೆ ಒಂದು ತುಂಡು ತೆಗೆದುಕೊಂಡು ಹೋದೆ. ತಿಂದು, ಇದೇನು ಹಾಕಿದ್ದೀರಿ ಎಂದರು. ನೀವು ಬರೆದದ್ದೇ, ಎರಡಚ್ಚು ಕಪ್ಪು ಸಕ್ಕರೆ, ಅರ್ಧ ಡಬ್ಬ ಪುಡಿ ಎಂದೆ. ಆಕೆ ನಗುತ್ತಾ ಹೊಸ್ತಿಲ ಮೇಲೇ ಕೂತುಬಿಟ್ಟರು. ಒಳಗಿಂದ ಕಿವಿಯಿರುವ ಒಂದು ಪಿಂಗಾಣಿ ಲೋಟ ತಂದು ತೋರಿಸಿದರು. "ಇದು ಕಪ್ಪು ಕಣ್ರೀ! ಇದ್ರಲ್ಲಿ ಎರಡು ಸಕ್ಕರೆ. ಆತುರದಲ್ಲಿ ಲೋಟ ಅಂತ ಬರೆಯೋದು ಮರೆತೆ."

ನೋಡಿದರೆ ಆ ಕಪ್ಪು ಹಾಲಿನಷ್ಟು ಬೆಳ್ಳಗಿತ್ತು. ಬೆಳ್ಳಗಿರುವುದಕ್ಕೆ ಕಪ್ಪು ಅಂತ ಹೆಸರಿಟ್ಟರೆ ನಾನೇನು ಮಾಡಲಿ?

"ನನ್ನ ಕೇಕಿಗಿಂತ ಇದೇ ಚೆನ್ನಾಗಿದೆ," ಎಂದರು ನರ್ಸಮ್ಮ. ಸಂಬಂಧದ ವಿಷಯ ಕೇಳಿದರು. ಹುಡುಗಿ ಹೇಳಿದ್ದನ್ನೆಲ್ಲ ಬೇಸರದಲ್ಲೇ ಹೇಳಿದೆ. ಎಷ್ಟು ಓದಿದ್ದಾಳೆ ಎಂದು ಕೇಳಿ, ಹೆರಿಗೆ ಕೆಲಸ ಕಲಿಯಲು ಎಂಟನೇ ಕ್ಲಾಸು ಸಾಕು, ಬೇಕಾದರೆ ಹೇಳಿ ಎಂದರು. ಮದುವೆಯ ಆಸೆ ಇನ್ನೂ ಬಿಟ್ಟಿರಲಿಲ್ಲ, ನಾನು ಆ ಮಾತನ್ನು ಮನೆಗೆ ತರಲಿಲ್ಲ.

ಎಂಟು ದಿನಕ್ಕೆ ಮಾವ ಬಂದರು. ಕಾಲು ತೊಳೆಯದೆ ಜಗುಲಿಯಲ್ಲೇ ಕೂತರು. "ಬಣ್ಣ ಸಾಲ್ದಂತೆ," ಎಂದರು. ದಾರದಲ್ಲಿ ಕುಯ್ದರೂ ಸಂಬಂಧ ಕತ್ತರಿಸಿಯೇ ಹೋಗಿತ್ತು. ಅತ್ತೆ ಸೆರಗು ಬಾಯಿಗೆ ಹಿಡಿದರು. ಮಾವ ಅಲ್ಲಿಗೇ ಏಳಲಿಲ್ಲ. ಹೆಗಲ ಮೇಲಿನ ಟವಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಹೇಳಿದರು. "ಆ ಯಮ್ಮ ಕೇಕಿನ ಚೀಟಿ ಕೇಳವ್ರೆ. ಮಗ ದಿನಾ ಅದ್ನೇ ಕೇಳ್ತಾನಂತೆ."

"ಮೂರು ಕಾಸಿನ ಮಾನ ಇದ್ದದಾ ಅವ್ರಿಗೆ? ಬೂದಿ ಕೊಡ್ತೀನಿ, ತಕಂಡೋಗು!" ಅತ್ತೆ ಎದ್ದೇಬಿಟ್ಟರು.

ನಾದಿನಿ ಒಳಗಿಂದ ಕಾಗದ ಪೆನ್ಸಿಲು ತಂದಳು. ಕಂಬಕ್ಕೆ ಒರಗಿ ಕೂತು ದುಂಡಗೆ ಬರೆದಳು. ಮೈದಾ, ಬೆಣ್ಣೆ, ಹಾಲು, ಮೊಟ್ಟೆ, ಯಾವುದನ್ನೂ ಮುಚ್ಚಿಡಲಿಲ್ಲ. ಕೊನೆಯ ಸಾಲನ್ನು ಬಾಯಲ್ಲಿ ಹೇಳಿಕೊಂಡು ಬರೆದಳು. "ಕಪ್ಪು ಬೆಲ್ಲ ಎರಡು ಅಚ್ಚು. ಕಪ್ಪೇ ಆಗಬೇಕು. ಬೆಳ್ಳಗಿರುವುದು ಹಾಕಿದರೆ ಈ ರುಚಿ ಬರುವುದಿಲ್ಲ." ಕಪ್ಪೇ ಎನ್ನುವುದರ ಕೆಳಗೆ ಎರಡು ಗೆರೆ ಎಳೆದಳು.

ಮಾವ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೋದರು.

"ಅಣ್ಣಂಗೆ ಏಳ್ಬುಡು ಅತ್ಗೆ," ಎಂದಳು ಆಮೇಲೆ. "ಇನ್ನು ಆ ಚಾಪೆ ಮೇಲೆ ನಾನು ಕೂರಕಿಲ್ಲ."

ಆಗ ನರ್ಸಮ್ಮನ ಮಾತನ್ನು ಹೇಳಿದೆ. ಎಂಟು ದಿನ ಬಚ್ಚಿಟ್ಟಿದ್ದೆ ಎಂದೂ ಹೇಳಿದೆ. ಅವಳು ಬೈಯಲಿಲ್ಲ. ಯಜಮಾನರು ಒಪ್ಪಲು ಒಂದು ತಿಂಗಳು ಹಿಡಿಯಿತು, ಅತ್ತೆಗೆ ಇನ್ನೂ ಹೆಚ್ಚು. ಮದುವೆ ಆಯಿತೇ ಎಂದು ಕೇಳುವವರಿಗಾಗಿ ಹೇಳುತ್ತೇನೆ, ಆಯಿತು. ಬಹಳ ವರ್ಷದ ಮೇಲೆ, ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದವನ ಜೊತೆ. ಚಾಪೆ ಹಾಸಲಿಲ್ಲ.

ತರಬೇತಿಗೆ ಸೇರುವ ಹಿಂದಿನ ದಿನ ಅವಳು ಮರಳಿನ ಪಾತ್ರೆ ಇಳಿಸಿಕೊಂಡಳು. ನಾನು ಸೆರಗು ಸಿಕ್ಕಿಸಿಕೊಂಡು ಹೋದರೆ ಒಲೆಯ ಹತ್ತಿರ ಸೇರಿಸಲಿಲ್ಲ. ಬೆಲ್ಲ ತುರಿದದ್ದು, ಕೋಲು ತಿರುವಿದ್ದು, ಕೆಂಡ ಹಾಕಿದ್ದು, ಕಡ್ಡಿ ಚುಚ್ಚಿದ್ದು ಎಲ್ಲ ಅವಳೇ. ಒಂದು ಕಡೆ ಸ್ವಲ್ಪ ಸೀದಿತ್ತು. ಆ ಕಡೆಯ ತುಂಡನ್ನು ತಾನಿಟ್ಟುಕೊಂಡು, ನಡುವಿನದನ್ನು ನನ್ನ ಕೈಗೆ ಕೊಟ್ಟಳು.

"ಈಗ ಯಾರಾದ್ರೂ ಕೇಳುದ್ರೆ, ಕೇಕು ಮಾಡಕ್ಕೆ ಬರ್ತದೆ ಅಂತ ಏಳು," ಎಂದಳು. "ಸುಳ್ಳಾಗಕಿಲ್ಲ."